ಪದಚರ್ಚೆ: ‘ಸರ್ಕಾರ ಬಂದ್’ ಆದಾಗ ಸದನದ ಸದಸ್ಯರು ‘ಗೈರುಹಾಜರು’ ಎನ್ನಬಹುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಅಮೆರಿಕದಲ್ಲಿ 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, ಒಟ್ಟು 43 ದಿನ ನಡೆದ ಶಟ್‌ಡೌನ್ ಕುರಿತು ಸಾಮಾನ್ಯ ಓದುಗರಿಗಾಗಿ ಒಂದು ವಿವರಣೆ ಬರೆಯುತ್ತಿದ್ದೇನೆ. ಕರಡನ್ನು ಓದಿದ ನಮ್ಮ ಅಕ್ಕ, “ಸರ್ಕಾರವೇ ಬಂದ್ ಆದ ಮೇಲೆ ಸಂಸತ್ತಿನವರಿಗೂ ರಜೆ ತಾನೆ? ಅವರು ಬರಲಿಲ್ಲವೆಂದು ಯಾಕೆ ಆಕ್ಷೇಪ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ತಪ್ಪಿದ್ದದ್ದು ನಾನು ಆರಿಸಿದ ಪದಗಳಲ್ಲಿ. ಆ ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ಬಂದ್’. ನಮ್ಮಲ್ಲಿ ಬಂದ್ ಎಂದರೆ ಯಾರೋ ಕರೆ ಕೊಟ್ಟು ಮಾಡಿಸುವ ಪ್ರತಿಭಟನೆ. ಅಲ್ಲಿ ಆಗುವುದು ಬೇರೆ. ಹಣಕಾಸು ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುವ ಹೊತ್ತಿಗೆ ಧನವಿನಿಯೋಗ ಮಸೂದೆಗಳು ಅಂಗೀಕಾರವಾಗದಿದ್ದರೆ ಇಲಾಖೆಗಳಿಗೆ ಖರ್ಚು ಮಾಡುವ ಅಧಿಕಾರವೇ ಇಲ್ಲವಾಗುತ್ತದೆ. ಮಂಜೂರಾಗದ ಹಣವನ್ನು ಖರ್ಚು ಮಾಡಬಾರದೆಂಬ ಕಾನೂನಿನ ಬೇರು 19ನೇ ಶತಮಾನದಷ್ಟು ಹಿಂದಿನದು. ಆದರೆ ಕಚೇರಿಗಳನ್ನು ಮುಚ್ಚಲೇಬೇಕೆಂಬ ಕಟ್ಟುನಿಟ್ಟು ಬಂದದ್ದು 1980 ಮತ್ತು 1981ರಲ್ಲಿ ಅಂದಿನ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟಿ ಕೊಟ್ಟ ಅಭಿಪ್ರಾಯಗಳಿಂದ. ನಮ್ಮಲ್ಲಿ ಬಜೆಟ್ ತಡವಾದರೆ ಲೇಖಾನುದಾನ ಪಡೆದು ಆಡಳಿತ ಮುಂದುವರಿಯುವುದರಿಂದ ಈ ಸ್ಥಿತಿಗೆ ಕನ್ನಡದಲ್ಲಿ ಪದ ಹುಟ್ಟುವ ಸಂದರ್ಭವೇ ಬರಲಿಲ್ಲ. ಪತ್ರಿಕೆಗಳು ಬರೆಯುವ ‘ಸರ್ಕಾರ ಸ್ಥಗಿತ’ ಎಂಬುದಕ್ಕಿಂತ ‘ಆಡಳಿತ ಸ್ಥಗಿತ’ ಎಂಬುದೇ ಮೇಲೆಂದು ನನಗನ್ನಿಸುತ್ತದೆ, ಏಕೆಂದರೆ ನಿಲ್ಲುವುದು ಕಾರ್ಯಾಂಗದ ಅನೇಕ ಕೆಲಸಗಳೇ ಹೊರತು ಶಾಸಕಾಂಗದ ಹೊಣೆಯಲ್ಲ. ಸ್ಥಗಿತವನ್ನು ತೆರವು ಮಾಡಲು ಮತ ಹಾಕಬೇಕಾದವರು ಸದನದವರೇ.

ಆ ಸದನದವರನ್ನು ಏನೆಂದು ಕರೆಯಬೇಕೆಂಬುದೂ ತೊಡಕೇ. ‘ಶಾಸಕರು’ ಎಂದರೆ ವಿಧಾನಸೌಧ ಕಣ್ಣಿಗೆ ಬರುತ್ತದೆ. ಅಲ್ಲಿನ ಸಂಸತ್ತಿನ ಹೆಸರೇ ಕಾಂಗ್ರೆಸ್ ಆದರೂ, ‘ಕಾಂಗ್ರೆಸ್ ಸದಸ್ಯರು ಸದನಕ್ಕೆ ಬರಲಿಲ್ಲ’ ಎಂದು ಬರೆದರೆ ಕನ್ನಡದ ಓದುಗರು ಅದನ್ನು ಒಂದು ಪಕ್ಷದ ಸುದ್ದಿಯೆಂದೇ ಓದುತ್ತಾರೆ. ಸದ್ಯಕ್ಕೆ ‘ಅಮೆರಿಕದ ಸಂಸದರು’ ಎಂದು ಒಟ್ಟಾಗಿಯೂ, ‘ಪ್ರತಿನಿಧಿ ಸಭೆಯ ಸದಸ್ಯರು’, ‘ಸೆನೆಟರುಗಳು’ ಎಂದು ಬಿಡಿಯಾಗಿಯೂ ಬರೆದಿದ್ದೇನೆ.

ನನ್ನನ್ನು ನಿಜವಾಗಿ ಕಾಡುತ್ತಿರುವುದು ‘ಹಾಜರಾತಿ’. ಈ ಪದದ ಹಿಂದೆ ಪುಸ್ತಕವೊಂದಿದೆ, ಸಹಿಯಿದೆ, ಪರೀಕ್ಷೆಗೆ ಕೂರಲು ಕಾಲೇಜು ಕೇಳುವ ಶೇಕಡಾ 75ರ ಲೆಕ್ಕವಿದೆ. ಅಮೆರಿಕದ ಸಂವಿಧಾನದ 1ನೇ ವಿಧಿಯ 5ನೇ ಪ್ರಕರಣ ಹೇಳುವುದು ಇಂಥ ಲೆಕ್ಕವನ್ನಲ್ಲ. ಕಲಾಪ ನಡೆಸಲು ಪ್ರತಿ ಸದನದಲ್ಲೂ ಬಹುಮತದಷ್ಟು ಸದಸ್ಯರಿರಬೇಕು, ಅಂದರೆ ಎಲ್ಲ ಸ್ಥಾನಗಳೂ ಭರ್ತಿಯಾಗಿದ್ದರೆ 435ರ ಪ್ರತಿನಿಧಿ ಸಭೆಯಲ್ಲಿ 218, ನೂರರ ಸೆನೆಟ್‌ನಲ್ಲಿ 51. ಅಷ್ಟು ಮಂದಿ ಇಲ್ಲದಿದ್ದಾಗ ಬಾರದವರನ್ನು ಬರುವಂತೆ ಮಾಡುವ ಅಧಿಕಾರ ಇದ್ದವರಿಗೆ ಸಿಗಬಹುದು. ಇದು ಬರಿಯ ಕಾಗದದ ಮಾತಲ್ಲ. 1988ರ ಫೆಬ್ರವರಿಯಲ್ಲಿ ಸೆನೆಟರ್ ಬಾಬ್ ಪ್ಯಾಕ್‌ವುಡ್ ಅವರನ್ನು ಸದನದ ಅಧಿಕಾರಿಗಳು ಅಕ್ಷರಶಃ ಹೊತ್ತುಕೊಂಡು, ಕಾಲು ಮುಂದಾಗಿ, ಒಳಕ್ಕೆ ತಂದಿದ್ದರು. ನಮ್ಮ ಮಾರ್ಷಲ್‌ಗಳು ಸದಸ್ಯರನ್ನು ಹೊರಕ್ಕೆ ಹೊತ್ತೊಯ್ಯುವ ದೃಶ್ಯವನ್ನಷ್ಟೇ ಕಂಡವರಿಗೆ ಇದು ತಿರುವುಮುರುವಾಗಿ ಕಾಣುತ್ತದೆ.

ನಮ್ಮ ಸಂವಿಧಾನದ ಕಲ್ಪನೆಯೇ ಬೇರೆ. 101(4)ನೇ ವಿಧಿಯ ಪ್ರಕಾರ ಸದನದ ಅನುಮತಿಯಿಲ್ಲದೆ 60 ದಿನ ಎಲ್ಲ ಬೈಠಕ್‌ಗಳಿಗೂ ಬಾರದ ಸಂಸದರ ಸ್ಥಾನವನ್ನು ತೆರವಾಯಿತೆಂದು ಸದನ ಘೋಷಿಸಬಹುದು. ರಾಜ್ಯದ ಸದಸ್ಯರಿಗೆ 190(4)ನೇ ವಿಧಿ ಇದೇ ಮಾತನ್ನು ಹೇಳುತ್ತದೆ. ಇಲ್ಲಿ ದಂಡನೆಯುಂಟು, ಹಿಡಿದು ತರುವುದಿಲ್ಲ. 2019ರ ಜುಲೈ 17ರಂದು ಸುಪ್ರೀಂ ಕೋರ್ಟ್ ಕರ್ನಾಟಕದ 15 ಶಾಸಕರನ್ನು ಕಲಾಪದಲ್ಲಿ ಭಾಗವಹಿಸುವಂತೆ ಒತ್ತಾಯಿಸಬಾರದೆಂದು ಹೇಳಿದಾಗ ‘ಕಡ್ಡಾಯ ಹಾಜರಿ’ ಎಂಬ ಮಾತು ನಮ್ಮಲ್ಲೂ ಬಹಳ ಓಡಾಡಿತು; ಆದರೆ ಅಲ್ಲಿ ಪ್ರಶ್ನೆಯಿದ್ದದ್ದು ಪಕ್ಷದ ವಿಪ್‌ನ ಬಲದ ಬಗ್ಗೆ.

ಇನ್ನು ಅಕ್ಕನ ಪ್ರಶ್ನೆ. ಪ್ರತಿನಿಧಿ ಸಭೆ 2025ರ ಸೆಪ್ಟೆಂಬರ್ 19ರಂದು ಮತ ಹಾಕಿದ ಮೇಲೆ ಮತ್ತೆ ಮತ ಹಾಕಿದ್ದು ನವೆಂಬರ್ 12ರಂದು. ನಡುವಿನ ದಿನಗಳಲ್ಲಿ ಸೆನೆಟ್ ಪದೇ ಪದೇ ಸೇರಿ ಮತ ಹಾಕುತ್ತಿತ್ತು. ನನ್ನ ಕರಡಿನಲ್ಲಿ ‘ಪ್ರತಿನಿಧಿಗಳು ಗೈರುಹಾಜರಾದರು’ ಎಂದು ಬರೆದಿದ್ದೆ. ಈಗ ಅದು ತಪ್ಪೆಂದು ನಿಶ್ಚಯವಾಗಿದೆ: ಸ್ಪೀಕರ್ ಮೈಕ್ ಜಾನ್ಸನ್ ಸದಸ್ಯರನ್ನು ಕಲಾಪಕ್ಕೆ ಕರೆಸದೆ ತಮ್ಮ ತಮ್ಮ ಕ್ಷೇತ್ರಗಳಲ್ಲೇ ಇರಿಸಿದ್ದರಿಂದ, ಬರಬೇಕಾಗಿ ಬಾರದವರು ಯಾರೂ ಇರಲಿಲ್ಲ. ‘ಸದನ ಸೇರಲಿಲ್ಲ’ ಎಂಬುದು ಹತ್ತಿರದ ಮಾತು. ಆದರೂ ಅದು ಪೂರ್ತಿ ನಿಜವಲ್ಲ, ಏಕೆಂದರೆ ಒಂದು ಸದನ ಮತ್ತೊಂದರ ಒಪ್ಪಿಗೆಯಿಲ್ಲದೆ ಮೂರು ದಿನಕ್ಕಿಂತ ಹೆಚ್ಚು ಕಾಲ ಮುಂದೂಡಿಕೊಳ್ಳುವಂತಿಲ್ಲವೆಂಬ ನಿಯಮಕ್ಕಾಗಿ ಕೆಲವೇ ನಿಮಿಷಗಳ ಬೈಠಕ್‌ಗಳು ನಡೆಯುತ್ತಲೇ ಇದ್ದವು. ಇವನ್ನು ‘ನಾಮಮಾತ್ರ ಬೈಠಕ್’ ಎನ್ನುತ್ತಿದ್ದೇನೆ. ಜರಿಯುವ ಧ್ವನಿಯಿಲ್ಲದ ಬೇರೆ ಪದವಿದ್ದರೆ ತಿಳಿಸಿ.

ಸ್ಥಗಿತದ ವೇಳೆ ಕೆಲಸಕ್ಕೆ ಬಾರದಂತೆ ಮನೆಗೆ ಕಳಿಸಿದ ನೌಕರರ ‘ಫರ್ಲೋ’ವನ್ನು ಹಾಗೆಯೇ ಇಡಲಾರೆ, ನಮ್ಮ ಪತ್ರಿಕೆಗಳಲ್ಲಿ ಅದು ಕೈದಿಗೆ ಸಿಗುವ ರಜೆ. ‘ವೇತನರಹಿತ ರಜೆ’ಯೂ ಸರಿಯಲ್ಲ, ತಡೆದ ಸಂಬಳವನ್ನು ಆಮೇಲೆ ಕೊಡಬೇಕೆಂದು 2019ರಲ್ಲಿ ಕಾನೂನಾಗಿದೆ. ‘ಕಡ್ಡಾಯ ರಜೆ’ ಎಂದಿದ್ದೇನೆ. ಸಂಸದರ ಸಂಬಳ ವಾರ್ಷಿಕ ಮಂಜೂರಾತಿಗೆ ಕಾಯುವುದಿಲ್ಲ. ಅವರಿಗೆ ಈ ಪದ ಯಾವ ರೀತಿಯಲ್ಲೂ ಅನ್ವಯಿಸದು.

ಕೊನೆಗೆ ಉಳಿಯುವುದು ಒಂದು ಕ್ರಿಯಾಪದ. ಬಾರದ ಸದಸ್ಯರನ್ನು ಸದನ ತನ್ನ ಅಧಿಕಾರದಿಂದ ಬರಿಸುವುದಕ್ಕೆ ಏನೆನ್ನಬೇಕು? ‘ಹಾಜರುಪಡಿಸು’ ಎಂದರೆ ಪೊಲೀಸರು ಆರೋಪಿಯನ್ನು ನ್ಯಾಯಾಲಯಕ್ಕೆ ತಂದಂತಾಗುತ್ತದೆ. ‘ಕರೆಸು’ ಎಂಬುದರಲ್ಲಿ ಗೌರವವಿದೆ, ಒತ್ತಾಯವಿಲ್ಲ. ‘ಬಲವಂತದ ಹಾಜರಿ’ ಎಂಬಲ್ಲಿ ಒತ್ತಾಯವಿದೆ, ಅಧಿಕಾರದ ನ್ಯಾಯಬದ್ಧತೆ ಕಾಣುವುದಿಲ್ಲ. ‘ಕರೆತರುವ ಅಧಿಕಾರ’ ಎಂದು ಬರೆದು ನಿಲ್ಲಿಸಿದ್ದೇನೆ. ವಿಧಾನಮಂಡಲದ ನಡವಳಿಗಳನ್ನು ಅನುವಾದಿಸಿದ ಅನುಭವವಿರುವವರು ಬಳಗದಲ್ಲಿದ್ದರೆ, ಅಲ್ಲಿ ಬಳಕೆಯಲ್ಲಿರುವ ಪದವನ್ನು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.