ಲಸಿಕೆ ಕೇಂದ್ರದ ಬಾಗಿಲಿಂದ ಬರಿಗೈಲಿ ವಾಪಸ್ ಬರಬೇಡಿ: ನರ್ಸ್ ಜೊತೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ನಾನು ನರ್ಸ್. ಕೋವಿಡ್ ಕಾಲದಲ್ಲಿ ಲಸಿಕೆ ಕೇಂದ್ರದಲ್ಲಿ ಕೆಲಸ ಮಾಡಿದ್ದೇನೆ. ಮೊದಲು ನೋಂದಣಿ ಮೇಜಿನಲ್ಲಿದ್ದೆ, ಆಮೇಲೆ ಇಂಜೆಕ್ಷನ್ ಕೊಡುವ ಕಡೆ. ಮತ್ತೆ ಅಂಥ ಮಹಾಮಾರಿ ಬಂದರೆ ಲಸಿಕೆ ಪಡೆಯುವುದು ಹೇಗೆ ಅಂತ ಗುಂಪಿನಲ್ಲಿ ತುಂಬಾ ಜನ ಕೇಳಿದ್ದೀರಿ. ನಮ್ಮಲ್ಲಿ ಬೇರೆ ಬೇರೆ ದೇಶಗಳಲ್ಲಿ ಇರುವವರಿದ್ದೀರಿ. ಹಾಗಾಗಿ ಎಲ್ಲ ಕಡೆಗೂ ಹೊಂದುವಂಥದ್ದನ್ನೇ ಹೇಳುತ್ತೇನೆ. ಕೇಳಿ.

ಪ್ರಶ್ನೆ: ಸಿಸ್ಟರ್, ಲಸಿಕೆ ಬಂದ ಕೂಡಲೇ ಎಲ್ಲರಿಗೂ ಸಿಗಲ್ಲ ಅಂತ ಗೊತ್ತು. ನಮ್ಮ ಸರದಿ ಯಾವಾಗ ಅಂತ ತಿಳಿಯುವುದು ಹೇಗೆ? ಮೊದಲು ವಯಸ್ಸಾದವರಿಗೇ ಅಲ್ವಾ?

ಉತ್ತರ: ಕೋವಿಡ್‌ನಲ್ಲಿ ಹಾಗಿತ್ತು. 2020ರ ಡಿಸೆಂಬರ್ 8ರಂದು ಬ್ರಿಟನ್‌ನಲ್ಲಿ ಜನರಿಗೆ ಲಸಿಕೆ ಕೊಡಲು ಶುರು ಮಾಡಿದಾಗ ಮೊದಲ ಡೋಸ್ ಪಡೆದವರು 90 ವರ್ಷದ ಅಜ್ಜಿ. ಆ ರೋಗ ವಯಸ್ಸಾದವರ ಪ್ರಾಣವನ್ನೇ ಜಾಸ್ತಿ ತೆಗೆಯುತ್ತಿತ್ತು. ಆದರೆ 2009ರ ಎಚ್1ಎನ್1 ಜ್ವರದಲ್ಲಿ, ಅಂದರೆ ಹಂದಿಜ್ವರದಲ್ಲಿ, ಆರೋಗ್ಯ ಕಾರ್ಯಕರ್ತರ ಜೊತೆ ಗರ್ಭಿಣಿಯರು ಸಾಲಿನ ಮುಂದಿದ್ದರು. ಆ ಜ್ವರ ಅವರಿಗೆ ತುಂಬಾ ಅಪಾಯ ತಂದಿತ್ತು. ಸರದಿ ಹೇಗಿರಬೇಕು ಅಂತ ತೀರ್ಮಾನಿಸುವುದು ಆಯಾ ರೋಗ. ಹೋದ ಸಲ ನನಗೆ ಕೊನೆಗೆ ಬಂತು, ಈ ಸಲವೂ ಕೊನೆಗೇ ಅಂತ ಕೂರಬೇಡಿ. ನೀವಿರುವ ಕಡೆಯ ಆರೋಗ್ಯ ಇಲಾಖೆ ಹೇಳಿದ್ದನ್ನು ಓದಿ.

ಒಂದು ಕೆಲಸ ಮಾತ್ರ ಈಗಲೇ ಮಾಡಬಹುದು. ಶುಗರ್, ಹೃದಯದ ತೊಂದರೆ, ಕಿಡ್ನಿ ಕಾಯಿಲೆ, ಕ್ಯಾನ್ಸರ್ ಚಿಕಿತ್ಸೆ ಇದ್ದರೆ ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿ ಮನೆಯಲ್ಲಿಡಿ. ತೆಗೆದುಕೊಳ್ಳುವ ಮಾತ್ರೆಗಳ ಹೆಸರೂ ಅದರಲ್ಲಿರಲಿ. ಲಸಿಕೆ ಶುರುವಾದ ವಾರ ಎಲ್ಲರೂ ಆ ಚೀಟಿಗೇ ಓಡುತ್ತಾರೆ.

ಪ್ರಶ್ನೆ: ಅಕ್ಕಾ, ನಮ್ಮಮ್ಮನ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ. ಒಬ್ಬರೇ ಇರುತ್ತಾರೆ, ನಾನು ದೂರ ಇದ್ದೇನೆ. ಎಲ್ಲ ಆನ್‌ಲೈನ್ ನೋಂದಣಿ ಅಂದರೆ ಅಂಥವರು ಏನು ಮಾಡಬೇಕು?

ಉತ್ತರ: ನಿಮ್ಮ ಈ ಪ್ರಶ್ನೆ ನನ್ನ ಮನಸ್ಸಿಗೆ ತುಂಬಾ ಹತ್ತಿರ. ಮೊದಲು ಒಂದು ಘಟನೆ ಹೇಳಬೇಕು.

ಶುರುವಿನ ದಿನಗಳಲ್ಲಿ ನಮ್ಮ ಕೇಂದ್ರಕ್ಕೆ ಒಬ್ಬ ಅಜ್ಜ ಬಂದರು. ಕೈಯಲ್ಲಿ ಊರುಗೋಲು. ಆನ್‌ಲೈನ್‌ನಲ್ಲಿ ಹೆಸರಿರಲಿಲ್ಲ, ಗುರುತಿನ ಚೀಟಿಯೂ ತಂದಿರಲಿಲ್ಲ. ಆ ದಿನ ಸಾಲು ಗೇಟಿನ ಆಚೆಗೂ ಇತ್ತು. ನಾನು ತಲೆ ಎತ್ತಿ ಸರಿಯಾಗಿ ನೋಡಲೂ ಇಲ್ಲ. "ನೋಂದಣಿ ಮಾಡಿಸಿಕೊಂಡು ಬನ್ನಿ" ಅಂದೆ. ಅವರು "ಆಯ್ತಮ್ಮಾ" ಅಂದು ಹೊರಟೇಹೋದರು. ಯಾರ ಹತ್ತಿರ ಮಾಡಿಸಬೇಕು, ಎಲ್ಲಿ ಮಾಡಿಸಬೇಕು ಅಂತ ನಾನು ಹೇಳಲೇ ಇಲ್ಲ. ಅವರೂ ಕೇಳಲಿಲ್ಲ.

ಅದಕ್ಕೇ ಹೇಳುತ್ತೇನೆ, ನಿಮ್ಮಮ್ಮನಿಗೆ ಒಂದೇ ಮಾತು ಕಲಿಸಿ: "ಹಾಗಾದರೆ ನಾನು ಈಗ ಏನು ಮಾಡಬೇಕು?" ವಾಪಸ್ ಹೋಗಿ ಅಂದ ಕಡೆಯಲ್ಲೇ ನಿಂತು ಈ ಮಾತು ಕೇಳಬೇಕು. ಮೇಜಿನ ಆಚೆ ಇರುವವರಿಗೆ ದಾರಿ ಗೊತ್ತಿರುತ್ತದೆ. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಮುಂದಿನವರನ್ನು ಕರೆಯುತ್ತಾರೆ.

ಇನ್ನು ದಾರಿಗಳು. ಕೋವಿಡ್ ಲಸಿಕೆಗೆ ಹಲವು ದೇಶಗಳಲ್ಲಿ ಫೋನ್ ಮಾಡಿ ಹೆಸರು ಕೊಡಬಹುದಿತ್ತು. ಎಷ್ಟೋ ಕಡೆ ನೇರವಾಗಿ ಹೋದವರಿಗೂ ಕೊಟ್ಟರು, ಮುಖ್ಯವಾಗಿ ಮೊದಲ ನೂಕುನುಗ್ಗಲು ಕಡಿಮೆಯಾದ ಮೇಲೆ. ನೀವು ದೂರ ಇದ್ದರೂ ಅಮ್ಮನ ಹೆಸರಲ್ಲಿ ನೀವೇ ನೋಂದಣಿ ಮಾಡಬಹುದಾ ನೋಡಿ. ಆದರೆ ಒಟಿಪಿ ಯಾರ ಫೋನಿಗೆ ಬರುತ್ತದೆ ಅಂತ ಮೊದಲೇ ಯೋಚಿಸಿ. ನಿಮ್ಮ ನಂಬರ್ ಕೊಟ್ಟಿದ್ದರೆ ಅಮ್ಮ ಕೇಂದ್ರದಲ್ಲಿ ಇರುವಾಗ ನೀವು ಫೋನ್ ಎತ್ತಲೇಬೇಕು. ಸುಮ್ನೆ ಅಷ್ಟಕ್ಕೇ ವಾಪಸ್ ಹೋದವರನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಮೇಡಂ, ನಾನಿರುವ ದೇಶದ ಪ್ರಜೆ ನಾನಲ್ಲ. ಕೆಲಸದ ವೀಸಾ ಮಾತ್ರ ಇದೆ. ನಮ್ಮಂಥವರನ್ನು ಸೇರಿಸಿಕೊಳ್ಳುತ್ತಾರಾ?

ಉತ್ತರ: ಸಾಮಾನ್ಯವಾಗಿ ನೋಡುವುದು ನೀವು ಅಲ್ಲಿ ವಾಸ ಇದ್ದೀರಾ ಅಂತ. ವೈರಸ್ ಪಾಸ್‌ಪೋರ್ಟ್ ನೋಡುವುದಿಲ್ಲ. ಬ್ರಿಟನ್‌ನಲ್ಲಿ ಕೋವಿಡ್ ಲಸಿಕೆಗೆ ವೀಸಾ ಕೇಳುತ್ತಿರಲಿಲ್ಲ. ಭಾರತದಲ್ಲೂ 2021ರ ಆಗಸ್ಟ್‌ನಿಂದ ಅಲ್ಲಿ ವಾಸವಿದ್ದ ವಿದೇಶಿಯರು ಪಾಸ್‌ಪೋರ್ಟ್ ತೋರಿಸಿ ನೋಂದಣಿ ಮಾಡಿಸಬಹುದಿತ್ತು. ವಿಳಾಸಕ್ಕೆ ದಾಖಲೆ ಇಲ್ಲ, ಗುರುತಿನ ಚೀಟಿ ಇಲ್ಲ ಅನ್ನುವವರಿಗೂ ಕೆಲವು ಕಡೆ ಬೇರೆ ವ್ಯವಸ್ಥೆ ಇತ್ತು. "ನಮ್ಮಂಥವರಿಗೆ ಇಲ್ಲ" ಅಂತ ನೀವೇ ತೀರ್ಮಾನ ಮಾಡಿಕೊಳ್ಳಬೇಡಿ.

ಪ್ರಶ್ನೆ: ಸಂಜೆ ಉಳಿದ ಡೋಸ್ ಕೊಡುತ್ತಾರೆ ಅಂತ ಕೇಳಿದ್ದೆ. ನಿಜನಾ?

ಉತ್ತರ: ನಿಜ. ಎಷ್ಟೋ ಲಸಿಕೆ ಒಬ್ಬೊಬ್ಬರಿಗೆ ಒಂದೊಂದು ಸೀಸೆ ಅಂತ ಬರುವುದಿಲ್ಲ. ಕೋವಿಡ್ ಲಸಿಕೆಗಳಲ್ಲಿ ಆಸ್ಟ್ರಾಜೆನೆಕಾ ಒಂದು ಸೀಸೆಯಲ್ಲಿ 10 ಡೋಸ್ ಬರುತ್ತಿತ್ತು. ಫೈಜರ್‌ನ ಮೊದಲಿನ ಸೀಸೆ ಸಲೈನ್ ಬೆರೆಸಿದ ಮೇಲೆ 6 ಜನಕ್ಕೆ ಆಗುತ್ತಿತ್ತು. ಒಮ್ಮೆ ತೆರೆದರೆ 6 ತಾಸಿನೊಳಗೆ ಮುಗಿಸಬೇಕಿತ್ತು. ಉಳಿದದ್ದನ್ನು ಚೆಲ್ಲಬೇಕಿತ್ತು. ಕೊನೆಯ ಸೀಸೆ ತೆರೆದಾಗ ಮೂರೇ ಜನ ಇದ್ದರೆ ನಮಗೆ ಎಷ್ಟು ಸಂಕಟ ಆಗುತ್ತಿತ್ತು ಗೊತ್ತಾ! ಹಾಗಾಗಿ ಕೇಂದ್ರ ಮುಚ್ಚುವ ಒಂದು ಗಂಟೆ ಮೊದಲು ಹೋಗಿ ವಿಚಾರಿಸಿ, ಇಲ್ಲವಾದರೆ ಉಳಿದರೆ ಕರೆಯಿರಿ ಅಂತ ನಂಬರ್ ಕೊಟ್ಟು ಬನ್ನಿ. ಇದು ಬೇರೆಯವರ ಪಾಲು ಕಸಿದ ಹಾಗಲ್ಲ. ನೀವು ತೆಗೆದುಕೊಳ್ಳದಿದ್ದರೆ ಅದು ಕಸಕ್ಕೆ ಹೋಗುತ್ತದೆ.

ಪ್ರಶ್ನೆ: ಎರಡು ಮೂರು ಕಂಪನಿಯ ಲಸಿಕೆ ಇದ್ದರೆ ಒಳ್ಳೆಯದು ಬರುವ ತನಕ ಕಾಯಬಹುದಾ?

ಉತ್ತರ: ರೋಗ ಜೋರಾಗಿ ಹರಡುತ್ತಿರುವಾಗ ಕಾಯಬೇಡಿ. ನಿಮ್ಮ ವಯಸ್ಸಿಗೆ, ಆರೋಗ್ಯಕ್ಕೆ ಒಪ್ಪಿಗೆ ಇರುವ ಲಸಿಕೆ ಯಾವುದು ಮೊದಲು ಸಿಗುತ್ತದೋ ಅದನ್ನೇ ತೆಗೆದುಕೊಳ್ಳಿ.

ಮರುಪ್ರಶ್ನೆ: ಹಾಗೆ ಹೇಳುವುದು ಸುಲಭ, ಸಿಸ್ಟರ್. ಆಸ್ಟ್ರಾಜೆನೆಕಾದಿಂದ ಕೆಲವರಿಗೆ ರಕ್ತ ಹೆಪ್ಪುಗಟ್ಟಿತು ಅಂತ ಆಮೇಲೆ ಗೊತ್ತಾಯಿತಲ್ಲ?

ಉತ್ತರ: ನೀವು ಹೇಳಿದ್ದು ಸರಿ, ಅದನ್ನು ಮುಚ್ಚಿಡುವುದಿಲ್ಲ. ತುಂಬಾ ಅಪರೂಪ, ಆದರೆ ಕೆಲವರ ಜೀವ ಹೋಯಿತು. ಅದು ಗೊತ್ತಾದ ಮೇಲೆ ಹಲವು ದೇಶಗಳು ಚಿಕ್ಕ ವಯಸ್ಸಿನವರಿಗೆ ಬೇರೆ ಲಸಿಕೆ ಕೊಟ್ಟವು. ಫೈಜರ್‌ನಂಥ ಎಂಆರ್‌ಎನ್‌ಎ ಲಸಿಕೆಯಲ್ಲಿ ಹುಡುಗರಿಗೆ, ಯುವಕರಿಗೆ ಹೃದಯದ ಸ್ನಾಯು ಊದಿಕೊಂಡದ್ದೂ ಇದೆ, ಅದೂ ಅಪರೂಪವೇ. ಅದಕ್ಕೇ ನಾನು ಅಂದಿದ್ದು, ನಿಮ್ಮ ವಯಸ್ಸಿಗೆ ಒಪ್ಪಿಗೆ ಇರುವ ಲಸಿಕೆ ಅಂತ. ಆ ಸೂಚನೆ ನಡುವೆ ಬದಲಾಗಬಹುದು. ಹೋಗುವ ದಿನ ಇನ್ನೊಮ್ಮೆ ನೋಡಿಕೊಳ್ಳಿ.

ಲಸಿಕೆ ಆದ ಮೇಲೆ ಜ್ವರ, ಮೈಕೈ ನೋವು, ತೋಳು ನೋವು ಒಂದೆರಡು ದಿನ ಇರುತ್ತದೆ. ಪ್ಯಾರಾಸಿಟಮಾಲ್ ಸಾಕು. ಆದರೆ ಲಸಿಕೆಗೆ ಮೊದಲೇ ಮಾತ್ರೆ ನುಂಗಿ ಬರಬೇಡಿ. ಎದೆನೋವು, ಉಸಿರಾಟದ ತೊಂದರೆ, ಬಿಡದ ತಲೆನೋವು, ಕಾಲು ಊತ ಕಂಡರೆ, ಅದು ಲಸಿಕೆಯಾಗಿ ಎರಡು ಮೂರು ವಾರದ ಮೇಲೆ ಬಂದರೂ, ಆಸ್ಪತ್ರೆಗೆ ಹೋಗಿ. ಯಾವ ಲಸಿಕೆ, ಯಾವ ದಿನ ಅಂತ ಹೇಳಿ.

ಪ್ರಶ್ನೆ: ಅಪ್ಪ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಈಗ ಹಾಸಿಗೆ ಹಿಡಿದಿದ್ದಾರೆ. ಅವರಿಗೆ ಆಗುತ್ತಾ?

ಉತ್ತರ: ಸಾಮಾನ್ಯವಾಗಿ ಆಗುತ್ತದೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಅದು ಲಸಿಕೆಗಿಂತ ದೊಡ್ಡ ಅಪಾಯ. ಆ ಮಾತ್ರೆಯ ವಿಷಯ ನರ್ಸ್‌ಗೆ ಮೊದಲೇ ಹೇಳಿ. ತೆಳು ಸೂಜಿ ಬಳಸುತ್ತಾರೆ. ಆಮೇಲೆ ಹತ್ತಿ ಇಟ್ಟು ಕಡಿಮೆ ಅಂದರೂ ಎರಡು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಉಜ್ಜಬೇಡಿ. ಹಾಸಿಗೆ ಹಿಡಿದವರಿಗೆ ಮನೆಗೇ ಬಂದು ಕೊಡುವ ತಂಡ ಇದೆಯಾ ಅಂತ ಕೇಳಿ. ಕೋವಿಡ್‌ನಲ್ಲಿ ಅಂಥ ತಂಡಗಳಿದ್ದ ಕಡೆಯೂ ಯಾರ ಮನೆಗೆ ಹೋಗಬೇಕು ಅಂತ ಹೇಳುವವರು ಬೇಕಿತ್ತು. ಅಪ್ಪನ ಹೆಸರು ಬರೆಸುವವರು ನೀವೇ ಆಗಬೇಕು. ತಂಡ ಬಂದಾಗಲೂ ಇಂಜೆಕ್ಷನ್ ಆದ ಮೇಲೆ 15 ನಿಮಿಷ ಅವರು ಪಕ್ಕದಲ್ಲಿ ಇರಲಿ. ಹಿಂದೆ ಯಾವುದಕ್ಕಾದರೂ ಜೋರು ಅಲರ್ಜಿ ಆಗಿದ್ದರೆ 30 ನಿಮಿಷ. ಜೀವಕ್ಕೆ ಕುತ್ತು ತರುವ ಅಲರ್ಜಿ ಹೆಚ್ಚಾಗಿ ಆ ಕೆಲವು ನಿಮಿಷಗಳಲ್ಲೇ ಶುರುವಾಗುತ್ತದೆ. ಅದಕ್ಕೆ ಬೇಕಾದ ಅಡ್ರಿನಲಿನ್ ಇಂಜೆಕ್ಷನ್ ಅವರ ಬ್ಯಾಗಿನಲ್ಲೇ ಇರುತ್ತದೆ.

ಪ್ರಶ್ನೆ: ಎರಡನೇ ಡೋಸ್ ತಪ್ಪಿಹೋದರೆ ಮೊದಲಿಂದ ಶುರು ಮಾಡಬೇಕಾ?

ಉತ್ತರ: ಬೇಡ. ಕೋವಿಡ್ ಲಸಿಕೆಯಲ್ಲಿ ತಡವಾದರೂ ಎರಡನೆಯದನ್ನೇ ಕೊಡುತ್ತಿದ್ದೆವು. ನಾಚಿಕೆಯಿಂದ ಬರದೇ ಉಳಿದವರಿದ್ದರು. ನಾವು ಬೈಯುವುದಿಲ್ಲ, ಬನ್ನಿ. ಮೊದಲ ಡೋಸಿನ ಕಾರ್ಡು ಅಥವಾ ಸರ್ಟಿಫಿಕೇಟಿನ ಫೋಟೋ ಫೋನಿನಲ್ಲಿಡಿ. ಬೇರೆ ದೇಶಕ್ಕೆ ಹೋದರೆ ಅದೇ ಆಧಾರ.

ಪ್ರಶ್ನೆ: ಹಣ ಕಟ್ಟಿದರೆ ಬೇಗ ಲಸಿಕೆ ಅಂತ ಲಿಂಕ್ ಬರುತ್ತಲ್ಲ ಮೇಡಂ?

ಉತ್ತರ: ಮುಟ್ಟಬೇಡಿ. 2021ರಲ್ಲಿ ಮೆಕ್ಸಿಕೋ, ಪೋಲೆಂಡ್‌ನಲ್ಲಿ ಫೈಜರ್ ಹೆಸರಿನ ನಕಲಿ ಲಸಿಕೆ ಸಿಕ್ಕಿತ್ತು. ಆರೋಗ್ಯ ಇಲಾಖೆಯ ಪಟ್ಟಿಯಲ್ಲಿ ಇಲ್ಲದ ಕಡೆ ತೋಳು ಕೊಡಬೇಡಿ. ನೀವೇ ನೋಂದಣಿಗೆ ಕೂತಿಲ್ಲದಾಗ ಫೋನ್ ಮಾಡಿ ಒಟಿಪಿ ಕೇಳಿದರೆ ಕೊಡಬೇಡಿ.

ಪ್ರಶ್ನೆ: ಸಿಸ್ಟರ್, ಆ ಊರುಗೋಲಿನ ಅಜ್ಜ ಆಮೇಲೆ ಬಂದರಾ?

ಉತ್ತರ: ಇಲ್ಲ. ತುಂಬಾ ದಿನ ಸಾಲಿನಲ್ಲಿ ಅವರನ್ನು ಹುಡುಕಿದೆ. ಹೆಸರು ಕೇಳಿರಲಿಲ್ಲ, ಹಾಗಾಗಿ ಯಾರನ್ನು ವಿಚಾರಿಸಬೇಕೋ ತಿಳಿಯಲಿಲ್ಲ. ಅದಾದ ಮೇಲೆ ನನ್ನ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡೆ. ವಾಪಸ್ ಕಳಿಸಲೇಬೇಕಾದವರ ಹೆಸರು, ಮನೆ, ಪಕ್ಕದ ಮನೆಯವರ ಫೋನ್ ನಂಬರ್ ಬರೆದುಕೊಳ್ಳುತ್ತಿದ್ದೆ. ಮಧ್ಯಾಹ್ನ ಬಿಡುವಾದಾಗ ಒಬ್ಬೊಬ್ಬರದೇ ನೋಂದಣಿ ನಾವೇ ಮಾಡುತ್ತಿದ್ದೆವು. ಸಂಜೆ ಸೀಸೆಯಲ್ಲಿ ಡೋಸ್ ಉಳಿದರೆ ಮೊದಲು ಆ ನೋಟ್‌ಬುಕ್ ತೆಗೆದು ಫೋನ್ ಮಾಡುತ್ತಿದ್ದೆವು.