‘ಡರ್ತ್’ ಅಂದರೆ ಕೊರತೆಯೋ, ತುಟ್ಟಿಯೋ?

ಗೆಳೆಯರೇ, ನಮಸ್ಕಾರ.

ಕಲಾದಗಿ ಜಿಲ್ಲೆಯ 1876–78ರ ಬರದ ಬಗ್ಗೆ ಆ ಕಾಲದ ಒಂದು ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. (ಕಲಾದಗಿ ಈಗ ಬಾಗಲಕೋಟೆ ತಾಲ್ಲೂಕಿನ ಒಂದು ಊರು. ಆಗ ಅದೇ ಜಿಲ್ಲಾ ಕೇಂದ್ರ. 1885ರಲ್ಲಿ ಕಚೇರಿಗಳು ವಿಜಯಪುರಕ್ಕೆ ಹೋದವು.) ಅದರಲ್ಲಿ ಮೂರು ಪದ ಮತ್ತೆ ಮತ್ತೆ ಬರುತ್ತವೆ: ಫ್ಯಾಮಿನ್, ಸ್ಕೇರ್ಸಿಟಿ, ಡರ್ತ್ (dearth). ಮೊದಲನೆಯದಕ್ಕೆ ಬರ ಅಂತ ಹಾಕಿದೆ, ಎರಡನೆಯದಕ್ಕೆ ಅಭಾವ. ಮೂರನೆಯದಕ್ಕೆ ಬಂದು ನಿಂತುಬಿಟ್ಟೆ. ನಿಘಂಟು ತೆಗೆದರೆ ಕೊರತೆ, ಅಭಾವ, ಕ್ಷಾಮ ಅಂತಿದೆ. ಒಂದೂ ಆ ಜಾಗಕ್ಕೆ ಹೊಂದುತ್ತಿಲ್ಲ.

ಯಾಕೆ ಅಂದರೆ, ಈ ಪದದ ಹೊಟ್ಟೆಯಲ್ಲಿ ಬೆಲೆ ಕೂತಿದೆ. ಡೀಪ್‌ನಿಂದ ಡೆಪ್ತ್, ವಾರ್ಮ್‌ನಿಂದ ವಾರ್ಮ್ತ್ ಆದ ಹಾಗೆ ಡಿಯರ್‌ನಿಂದ ಡರ್ತ್. ಡಿಯರ್ ಅಂದರೆ ಪ್ರೀತಿಯದು, ಜೊತೆಗೆ ಜಾಸ್ತಿ ಬೆಲೆಯದು. (ತೆಲುಗಿನಲ್ಲೂ ಬೆಲೆ ಏರಿದರೆ ‘ಪ್ರಿಯಂ’ ಅನ್ನುತ್ತಾರೆ, ನೋಡಿ.) ಡಚ್ ಭಾಷೆಯಲ್ಲಿ ಇದರ ಒಡಹುಟ್ಟಿದ ಪದಕ್ಕೆ ಇವತ್ತಿಗೂ ಬೆಲೆಯೇರಿಕೆ ಅಂತಲೇ ಅರ್ಥ. ಇಂಗ್ಲಿಷಿನಲ್ಲಿ ಹದಿಮೂರನೇ ಶತಮಾನದ ಹೊತ್ತಿಗೆ ಇದು ಕಾಳು ಸಿಗದೆ ಬೆಲೆ ಏರುವ ಕಾಲಕ್ಕೆ ಹೆಸರಾಗಿತ್ತು. ಆಮೇಲೆ ಬೆಲೆಯ ನೆನಪು ಮಾಸುತ್ತಾ ಬಂತು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ, ಯೋಸೇಫನ ಕತೆಯಲ್ಲಿ, ‘ಏಳು ವರ್ಷದ ಡರ್ತ್’ ಬರುತ್ತದೆ. ಅದೇ ಅಧ್ಯಾಯದಲ್ಲಿ ಫ್ಯಾಮಿನ್ ಕೂಡ ಇದೆ. ಅಲ್ಲಿ ಎರಡಕ್ಕೂ ಹೆಚ್ಚು ಫರಕು ಕಾಣುವುದಿಲ್ಲ.

ಆದರೆ ಆಡಳಿತದ ಬರಹದಲ್ಲಿ, ವ್ಯಾಪಾರದ ಮಾತಿನಲ್ಲಿ ಆ ಫರಕು ಉಳಿದುಕೊಂಡಿತ್ತು. 1587ರಲ್ಲಿ ಎಲಿಜಬೆತ್ ರಾಣಿಯ ಸರ್ಕಾರ ಕಾಳಿನ ಡರ್ತ್ ತಡೆಯಲು ಕಟ್ಟಳೆಗಳನ್ನು ಹೊರಡಿಸಿತು. ಯಾರ ಕಣಜದಲ್ಲಿ ಎಷ್ಟಿದೆ ನೋಡಿ, ಸಂತೆಗೆ ತರಿಸಿ, ಮಾರಿಸಿ ಅಂತ ಅವುಗಳ ತಿರುಳು. ಕಾಳು ಎಲ್ಲೋ ಇದೆ, ಬಡವನ ಕೈಗೆ ಎಟುಕುತ್ತಿಲ್ಲ ಅನ್ನುವ ಸ್ಥಿತಿ ಅದು. 1776ರಲ್ಲಿ ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ ಇನ್ನೂ ಬಿಡಿಸಿ ಹೇಳಿದ: ಡರ್ತ್ ಬರುವುದು ನಿಜವಾದ ಅಭಾವದಿಂದ, ವ್ಯಾಪಾರಿಗಳ ಕೂಟದಿಂದ ಅಲ್ಲ, ಸರ್ಕಾರ ಬಲವಂತದಿಂದ ಅದನ್ನು ಸರಿಮಾಡಲು ಹೋದಾಗಲೇ ಫ್ಯಾಮಿನ್ ಆಗುವುದು. ಈ ವಾದವನ್ನು ನೆಚ್ಚಿಕೊಂಡ ಆಡಳಿತವೇ 1876ರಲ್ಲಿ ಇಲ್ಲಿ ಕಾಳಿನ ವ್ಯಾಪಾರಕ್ಕೆ ಕೈ ಹಾಕುವುದಿಲ್ಲ ಅಂತ ಪಟ್ಟು ಹಿಡಿದಿತ್ತು. ಜನ ಸಾಯುತ್ತಿದ್ದರೂ! ಹಾಗಾಗಿ ಈ ಬರಹದಲ್ಲಿ ಡರ್ತ್ ಅನ್ನು ಸುಮ್ನೆ ಕೊರತೆ ಅಂದುಬಿಟ್ಟರೆ ಆ ಕಾಲದ ಜಗಳವೇ ಕಾಣೆಯಾಗುತ್ತದೆ.

ಇನ್ನು ನಮ್ಮ ಮಾತಿಗೆ ಬರೋಣ. ವಿಜಯಪುರದ ಕಾಳಿನ ಅಂಗಡಿಯಲ್ಲಿ ಬಿಳಿಜೋಳದ ರೇಟು ಕೇಳಿ. “ಜ್ವಾಳ ಭಾಳ ತುಟ್ಟಿ ಆಗ್ಯಾವ್ರೀ” ಅನ್ನುತ್ತಾರೆ. ಯಾಕೆ ಅಂದರೆ “ಮಾಲ ಬಂದಿಲ್ರೀ.” ಡರ್ತ್‌ನ ಹಳೆಯ ಅರ್ಥ ಪೂರ್ತಿ ಈ ಎರಡು ಮಾತಿನಲ್ಲಿ ಬಂತಲ್ವಾ? ಮೈಸೂರು ಕಡೆಯವರು ದುಬಾರಿ ಅನ್ನಬಹುದು. ಆದರೂ ಸರ್ಕಾರಿ ನೌಕರರು ಎಲ್ಲಿಯವರಾದರೂ ಕೈಗೆ ಬರುವುದು ‘ತುಟ್ಟಿ ಭತ್ಯೆ’ಯೇ. ಅಲ್ಲಿ ಇಂಗ್ಲಿಷಿನ ಡಿಯರ್‌ನೆಸ್‌ಗೆ ತುಟ್ಟಿ ಅಂತ ಆಗಲೇ ಮುದ್ರೆ ಬಿದ್ದಾಗಿದೆ.

ತುಟ್ಟಿ ಎಲ್ಲಿಂದ ಬಂತು? ತ್ರುಟಿ ಅನ್ನುವ ಸಂಸ್ಕೃತ ಪದದಿಂದ ಇರಬೇಕು ಅಂತ ನನ್ನ ಲೆಕ್ಕ. ತ್ರುಟಿ ಅಂದರೆ ಮುರಿದದ್ದು, ಕಡಿಮೆಬಿದ್ದದ್ದು. ಬೆಳಗಾವಿಯ ಪೇಟೆಯಲ್ಲಿ ಮರಾಠಿ ಕಿವಿಗೆ ಬೀಳುವವರಿಗೆ ಇದು ಹೊಸದಲ್ಲ. ಅವರ ತುಟಣೆ ಅಂದರೆ ಮುರಿಯುವುದು, ತೂಟ ಅಂದರೆ ಕೊರತೆ, ತುಟವಡಾ ಅಂದರೆ ಅಭಾವ. ಈ ಲೆಕ್ಕ ಸರಿಯಿದ್ದರೆ ಒಂದು ಮಜಾ ಇದೆ. ಇಂಗ್ಲಿಷಿನ ಪದ ಬೆಲೆಯಿಂದ ಹೊರಟು ಕೊರತೆಗೆ ಬಂದು ಸೇರಿತು. ನಮ್ಮದು ಕೊರತೆಯಿಂದ ಹೊರಟು ಬೆಲೆಗೆ ಬಂತು. ದಾರಿಯಲ್ಲಿ ಎರಡೂ ಎದುರುಬದುರಾಗಿರಬೇಕು.

ಈಗಿನ ಇಂಗ್ಲಿಷಿನ ಡರ್ತ್‌ಗೆ ತುಟ್ಟಿ ನಡೆಯುವುದಿಲ್ಲ, ಅದು ನನಗೂ ಗೊತ್ತು. ಶಿಕ್ಷಕರ ಡರ್ತ್ ಅಂದರೆ ಶಿಕ್ಷಕರ ಕೊರತೆಯೇ. ‘ಡರ್ತ್ ಇಲ್ಲ’ ಅಂತ ಬಂದರೆ ಇನ್ನೂ ಸುಲಭ: ಪ್ರತಿಭೆಗೆ ಬರವಿಲ್ಲ, ಮಾತಿಗೇನು ಬರ? ನಾವೂ ಬರವನ್ನು ಹೊಲದಿಂದ ಎಬ್ಬಿಸಿ ಎಲ್ಲ ಕಡೆ ಕರೆದುಕೊಂಡು ಹೋಗಿದ್ದೇವೆ.

ನನ್ನ ಬರಹಕ್ಕೆ ಸದ್ಯಕ್ಕೆ ಹೀಗೆ ಮಾಡಿದ್ದೇನೆ: “ಮಳೆ ಹೋಯಿತು, ಮೊದಲು ತುಟ್ಟಿ ಬಂತು, ತುಟ್ಟಿಯ ಬೆನ್ನಿಗೇ ಬರ ಬಂತು.” ತುಟ್ಟಿಯನ್ನು ಹೀಗೆ ನಾಮಪದ ಮಾಡಿ, ‘ತುಟ್ಟಿ ಬಂತು’ ಅನ್ನುವುದು ನಿಮ್ಮ ಕಿವಿಗೆ ಒಗ್ಗುತ್ತದಾ? ಇಲ್ಲ ‘ತುಟ್ಟಿಕಾಲ’ ಅಂತಲೇ ಬರೆಯಲಾ? ಇನ್ನೊಂದು ವಿಷಯ. ಇಂಡಿ, ಸಿಂದಗಿ, ಹುನಗುಂದ, ಅಥಣಿ ಕಡೆ ಬೆಲೆಯ ಮಾತೇ ಇಲ್ಲದೆ ಬರೀ ‘ಕಡಿಮೆ ಬಿತ್ತು’ ಅನ್ನುವ ಅರ್ಥದಲ್ಲಿ ತುಟ್ಟಿ ಬಳಸಿದ್ದನ್ನು ಹಿರಿಯರ ಬಾಯಲ್ಲಿ ಕೇಳಿದವರು ಇದ್ದರೆ, ಆ ಮಾತನ್ನು ಹಾಗ್ಹಾಗೇ ಪೂರ್ತಿ ವಾಕ್ಯವಾಗಿ ಬರೆದು ತಿಳಿಸಿ. ಊರಿನ ಹೆಸರೂ ಇರಲಿ.