ಮುಂದೆ ಡಿಸ್ಕ್ ಬ್ರೇಕ್ ಹಾಕಿದ ಮೇಲೆ ಪೆಡಲ್ ಕಲ್ಲು, ಚಕ್ರ ಬಿಸಿ

ಹಳೇಗಾಡಿ:
ನಾಲ್ಕೂ ಕಡೆ ಡ್ರಮ್ ಬ್ರೇಕ್ ಇದ್ದ ಹಳೇ ಕಾರು. ಮುಂದೆ 11 ಇಂಚಿನ ಡಿಸ್ಕ್, ಒಂದೇ ಪಿಸ್ಟನ್ನಿನ ಕ್ಯಾಲಿಪರ್ (ಪ್ಯಾಡ್‌ಗಳನ್ನ ಡಿಸ್ಕಿಗೆ ಒತ್ತೋ ಭಾಗ) ಕೂರಿಸಿದೆ. ಹಿಂದೆ ಡ್ರಮ್ಮೇ. ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ತಳ್ಳೋ ಹಳೇ ಸಿಂಗಲ್ ಮಾಸ್ಟರ್ ಸಿಲಿಂಡರ್ ತೆಗೆದು, ಕಿಟ್ ಜೊತೆ ಬಂದ 1 ಇಂಚು ಬೋರಿನ (ಒಳವ್ಯಾಸದ) ಡ್ಯುಯಲ್ ಸಿಲಿಂಡರ್, ಅಂದರೆ ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ಲೈನ್ ಇರೋದು, ಹಾಕಿದ್ದೀನಿ. ಪೆಡಲಿನಿಂದ ಸಿಲಿಂಡರಿನ ಪಿಸ್ಟನ್ ಒತ್ತೋ ಪುಶ್‌ರಾಡ್ ಹಳೇದೇ. ತುಳಿತಕ್ಕೆ ಬಲ ಕೂಡಿಸೋ ಬೂಸ್ಟರ್ ಇಲ್ಲ, ಪೆಡಲ್ ಅನುಪಾತ 6:1.

ಪೆಡಲ್ ಗಟ್ಟಿ ಇದೆ, ಆದರೆ ಗಾಡಿ ನಿಲ್ಲಲ್ಲ. ಜೋರಾಗಿ ತುಳಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತೆ. ಸ್ವಲ್ಪ ದೂರ ಓಡಿಸಿದ ಮೇಲೆ ಮುಂದಿನ ಎರಡೂ ಚಕ್ರ ಹಿಡಿದುಕೊಂಡು ಬಿಸಿಯಾಗುತ್ತೆ, ತಣ್ಣಗಾದರೆ ಸಲೀಸಾಗಿ ತಿರುಗುತ್ತೆ. ಗಾಳಿ ಪೂರ್ತಿ ತೆಗೆದಾಗಿದೆ. ಪ್ಯಾಡ್ ಬದಲಾಯಿಸಿದರೆ ಸರಿ ಹೋಗುತ್ತಾ?

ಬೋರ್‌ಲೆಕ್ಕ:
ಪ್ಯಾಡ್ ಮುಟ್ಟಬೇಡಿ ಸರ್. ಇಲ್ಲಿರೋದು ಎರಡು ಬೇರೆ ಬೇರೆ ಕಾಯಿಲೆ. ಮೊದಲನೇದು ಬೋರ್.

ಡ್ರಮ್ಮಿನಲ್ಲಿರೋ ಎರಡು ಶೂಗಳಲ್ಲಿ ಮುಂದಿನದನ್ನು ತಿರುಗುವ ಡ್ರಮ್ಮೇ ಎಳೆದು ಇನ್ನಷ್ಟು ಬಿಗಿ ಮಾಡುತ್ತೆ. ಡಿಸ್ಕಿಗೆ ಆ ಸಹಾಯ ಇಲ್ಲ, ಪ್ಯಾಡ್ ಒತ್ತೋದೆಲ್ಲ ಆಯಿಲ್ ಒತ್ತಡವೇ. ಕಾಲಿನಿಂದ 300 ನ್ಯೂಟನ್ ತುಳಿದರೆ 6:1 ಪೆಡಲ್ಲಿನಿಂದ ರಾಡಿಗೆ 1800 ನ್ಯೂಟನ್ ಬರುತ್ತೆ. 25.4 ಮಿ.ಮೀ. ಬೋರಿನ ವಿಸ್ತೀರ್ಣ 507 ಚದರ ಮಿ.ಮೀ., ಹಾಗಾಗಿ ಪೈಪಿನಲ್ಲಿ ಸುಮಾರು 35 ಬಾರ್. ಅದೇ ಕಾಲು, 22.2 ಮಿ.ಮೀ. ಬೋರಿಗೆ 46 ಬಾರ್, 19 ಮಿ.ಮೀ.ಗೆ 63 ಬಾರ್. 1 ಇಂಚಿನದು ಬೂಸ್ಟರ್ ಇರೋ ಗಾಡಿಗೆ ಹೊಂದುವ ಅಳತೆ. ಕಿಟ್ ಕೊಡೋರು ಇದೊಂದು ವಿಷಯ ಮಾತ್ರ ದಪ್ಪಕ್ಷರದಲ್ಲಿ ಬರೆಯಲ್ಲ.

ಹಿಂದೆ ಮೊದಲು ಲಾಕ್ ಆಗೋದು ಡ್ರಮ್ಮಿನ ಆ ಸ್ವಂತ ಎಳೆತದಿಂದ: ಅದೇ 35 ಬಾರ್ ಡ್ರಮ್ಮಿಗೆ ಸಾಕು, ಡಿಸ್ಕಿಗೆ ಸಾಲದು.

ಬೋರ್ ಚಿಕ್ಕದಾದಷ್ಟೂ ಪೆಡಲ್ ಹೆಚ್ಚು ಕೆಳಗೆ ಹೋಗುತ್ತೆ. 1 ಇಂಚಿಗೆ ಹೋಲಿಸಿದರೆ 19ರಲ್ಲಿ ಅದೇ ಆಯಿಲ್ ತಳ್ಳಲು 1.8ರಷ್ಟು ಸ್ಟ್ರೋಕ್ ಬೇಕು. ಹಿಂದಿನ ಶೂ ಸಡಿಲ ಇದ್ದರೆ ಪೆಡಲ್ ನೆಲ ಮುಟ್ಟಿಬಿಡಬಹುದು. ಬೂಸ್ಟರ್ ಇಲ್ಲದ ಗಾಡಿಗೆ ನಾನು 22.2ರಿಂದಲೇ ಶುರು ಮಾಡು ಅಂತೀನಿ. ಬೂಸ್ಟರ್ ಹಾಕೋದಾದರೆ 1 ಇಂಚು ಇರಲಿ, ಆದರೆ ಪೆಡಲ್ ಅನುಪಾತ 4:1ರ ಆಸುಪಾಸಿಗೆ ಇಳಿಸಿ, ಇಲ್ಲದಿದ್ದರೆ ಕಾಲಿಟ್ಟ ಕೂಡಲೇ ಮುಗ್ಗರಿಸುತ್ತೆ.

ನಿಪ್ಪಲ್:
ಹಿಡಿದುಕೊಳ್ಳೋದನ್ನ ಪತ್ತೆ ಹಚ್ಚೋಕೆ ಊಹೆ ಬೇಡ. ಓಡಿಸಿ ಬಿಸಿ ಮಾಡಿ, ಮುಂದೆ ಜಾಕ್ ಎತ್ತಿ ಸ್ಟ್ಯಾಂಡ್ ಮೇಲೆ ಇಡಿ. ಚಕ್ರ ಬಿಗಿ ಇರುವಾಗಲೇ, ಈ ಕ್ರಮ ತಪ್ಪದೆ ನೋಡಿ.

ಮೊದಲು ಮಾಸ್ಟರ್ ಸಿಲಿಂಡರಿನ ಎರಡು ನಟ್ ಸಡಿಲಿಸಿ ಅದನ್ನ 2 ಮಿ.ಮೀ. ಮುಂದಕ್ಕೆ ಎಳೆಯಿರಿ. ಚಕ್ರ ಬಿಟ್ಟುಕೊಂಡರೆ ಪುಶ್‌ರಾಡ್ ಉದ್ದ ಇದೆ ಅಂತ ಅರ್ಥ. ಬಿಡಲಿಲ್ಲವಾ, ಸಿಲಿಂಡರಿನಿಂದ ಮುಂದಕ್ಕೆ ಹೋಗುವ ಪೈಪಿನ ನಟ್ ಅರ್ಧ ಸುತ್ತು ಬಿಚ್ಚಿ. ಈಗ ಬಿಟ್ಟರೆ ಔಟ್‌ಲೆಟ್ ಒಳಗಿನ ರೆಸಿಡ್ಯುಯಲ್ ವಾಲ್ವ್ ಕಡೆ ನೋಡಬೇಕು. ಆಗಲೂ ಬಿಗಿ ಇದ್ದು, ಕ್ಯಾಲಿಪರಿನಲ್ಲಿ ಗಾಳಿ ತೆಗೆಯೋ ನಿಪ್ಪಲ್ ಬಿಚ್ಚಿದಾಗ ಬಿಟ್ಟರೆ ಹೋಸ್ ಒಳಗೆ ಕಟ್ಟಿಕೊಂಡಿದೆ ಅಥವಾ ಮಡಚಿಕೊಂಡಿದೆ. ನಿಪ್ಪಲ್ ಬಿಚ್ಚಿದರೂ ತಿರುಗದಿದ್ದರೆ ಒತ್ತಡದ ತೊಂದರೆಯೇ ಅಲ್ಲ, ಕ್ಯಾಲಿಪರ್ ಜಾರೋ ಸ್ಲೈಡ್ ಪಿನ್ ಅಥವಾ ಅದರ ಪಿಸ್ಟನ್ ಜಾಮ್.

ರೆಸಿಡ್ಯುಯಲ್ ವಾಲ್ವ್ ಯಾಕೆ ಅಂದರೆ, ಡ್ರಮ್ ಲೈನಿನಲ್ಲಿ 10 ಪಿಎಸ್‌ಐ ಆಸುಪಾಸು ಒತ್ತಡ ಉಳಿಸಿ ವೀಲ್ ಸಿಲಿಂಡರಿನ ರಬ್ಬರ್ ಕಪ್ ಅಂಟಿಕೊಂಡಿರುವಂತೆ ಮಾಡೋಕೆ. ಅದೇ 10 ಡಿಸ್ಕ್ ಲೈನಿನಲ್ಲಿದ್ದರೆ ಪ್ಯಾಡ್ ಸದಾ ಉಜ್ಜುತ್ತೆ. ಡಿಸ್ಕಿಗೆ ವಾಲ್ವ್ ಬೇಕಾಗೋದು ಮಾಸ್ಟರ್ ಸಿಲಿಂಡರ್ ನೆಲದಡಿ, ಕ್ಯಾಲಿಪರಿಗಿಂತ ತಗ್ಗಿನಲ್ಲಿದ್ದಾಗ ಮಾತ್ರ, ಅದೂ 2 ಪಿಎಸ್‌ಐನದು. ಪೈಪ್ ಅದಲುಬದಲಾಗಿದೆಯಾ ಅಂತಲೂ ನೋಡಿ. ಸಾಮಾನ್ಯವಾಗಿ ದೊಡ್ಡ ಆಯಿಲ್ ಡಬ್ಬಿಯ ಕಡೆಯ ಔಟ್‌ಲೆಟ್ ಡಿಸ್ಕಿಗೆ.

ಹಳೇಗಾಡಿ:
ನಟ್ ಸಡಿಲಿಸಿ ಎಳೆದ ತಕ್ಷಣ ಎರಡೂ ಚಕ್ರ ಫ್ರೀ! ಬೋರ್ ಬದಲಾಯಿಸೋವರೆಗೆ ಸಿಲಿಂಡರ್ ಹಿಂದೆ ವಾಷರ್ ಇಟ್ಟು ಬಿಗಿದುಬಿಡಲಾ? ಹಿಂದಿನ ಲಾಕಿಗೆ, ಆ ಲೈನಿನ ಒತ್ತಡ ಇಳಿಸೋ ಪ್ರಪೋರ್ಷನಿಂಗ್ ವಾಲ್ವ್ ತರಿಸಿದ್ದೀನಿ.

ನಿಪ್ಪಲ್:
ವಾಷರ್ ಪರೀಕ್ಷೆಗಷ್ಟೇ. ರಾಡನ್ನೇ ಗಿಡ್ಡ ಮಾಡಿ, ಲಾಕ್‌ನಟ್ ಇರೋ ಅಡ್ಜಸ್ಟಬಲ್ ರಾಡ್ ಆದರೆ ಇನ್ನೂ ವಾಸಿ. ಪೆಡಲ್ ಪೂರ್ತಿ ಮೇಲಿದ್ದಾಗ ರಾಡಿನ ತುದಿಗೂ ಪಿಸ್ಟನ್ನಿಗೂ ನಡುವೆ 1ರಿಂದ 1.5 ಮಿ.ಮೀ. ಸಂದು ಇರಬೇಕು. ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರಲ್ಲ, ಡಬ್ಬಿಗೆ ಆಯಿಲ್ ವಾಪಸ್ ಹೋಗುವ ಸಣ್ಣ ರಂಧ್ರ ಮುಚ್ಚೇ ಇರುತ್ತೆ. ಬಿಸಿಗೆ ಹಿಗ್ಗಿದ ಆಯಿಲ್ ಹೋಗೋಕೆ ದಾರಿ ಇಲ್ಲದೆ ಪ್ಯಾಡ್ ಒತ್ತುತ್ತೆ, ಒತ್ತಿದಷ್ಟೂ ಬಿಸಿ ಜಾಸ್ತಿ.

ಖಾತ್ರಿ ಮಾಡಿಕೊಳ್ಳೋದು ಸುಲಭ. ಡಬ್ಬಿ ಮುಚ್ಚಳ ತೆಗೆದು ಇನ್ನೊಬ್ಬರಿಂದ ಪೆಡಲ್ ನಿಧಾನಕ್ಕೆ ಒತ್ತಿಸಿ. ಮೊದಲ ಒಂದೆರಡು ಮಿ.ಮೀ. ಚಲನೆಯಲ್ಲೇ ಡಬ್ಬಿಯ ತಳದಿಂದ ಆಯಿಲ್ ಬುಗ್ಗೆ ಏಳಬೇಕು. ಏಳದಿದ್ದರೆ ರಂಧ್ರ ಆಗಲೇ ಮುಚ್ಚಿದೆ. ಮುಖ ತೀರಾ ಹತ್ತಿರ ಇಡಬೇಡಿ, ಕಣ್ಣಿಗೆ ಹಾರುತ್ತೆ. ಬ್ರೇಕ್ ಲೈಟ್ ಸ್ವಿಚ್ ಕೂಡ ನೋಡಿ, ಅದು ಹೆಚ್ಚು ಮುಂದೆ ಬಂದಿದ್ದರೆ ಪೆಡಲನ್ನ ಮೇಲೆ ಬರೋಕೆ ಬಿಡಲ್ಲ.

ಬೋರ್‌ಲೆಕ್ಕ:
ಪ್ರಪೋರ್ಷನಿಂಗ್ ವಾಲ್ವ್ ಹಿಂದಿನ ಲೈನಿಗೆ ಮಾತ್ರ, ಅದೂ ಬೋರ್ ಸರಿ ಮಾಡಿದ ಮೇಲೆ. ಈಗಲೇ ಹಾಕಿ ಹಿಂದಿನ ಒತ್ತಡ ಇಳಿಸಿದರೆ ಲಾಕ್ ನಿಲ್ಲುತ್ತೆ ನಿಜ, ಜೊತೆಗೆ ಇರೋ ಬ್ರೇಕೂ ಕಮ್ಮಿಯಾಗುತ್ತೆ. ಆಮೇಲೆ ಖಾಲಿ, ಸಮತಟ್ಟು ಜಾಗದಲ್ಲಿ 40-50 ಕಿ.ಮೀ. ವೇಗದಿಂದ ಬ್ರೇಕ್ ಹಾಕುತ್ತಾ, ಹಿಂದಿನದಕ್ಕಿಂತ ತುಸು ಮೊದಲು ಮುಂದಿನ ಚಕ್ರ ಲಾಕ್ ಆಗೋವರೆಗೆ ವಾಲ್ವ್ ತಿರುಗಿಸಿ.

ಹೊಸ ಸಿಲಿಂಡರನ್ನ ವೈಸ್‌ನಲ್ಲಿ ಹಿಡಿಸಿ, ಗಾಳಿ ತೆಗೆದೇ ಗಾಡಿಗೆ ಏರಿಸಿ.

ತಿರುಪು:
ಮೇಲಿನವರು ಹೇಳದೆ ಬಿಟ್ಟ ಎರಡು ಮಾತು. ಕ್ಯಾಲಿಪರಿನ ನಿಪ್ಪಲ್ ಮೇಲ್ತುದಿಯಲ್ಲೇ ಇದೆಯಾ ನೋಡಿ. ಎಡಬಲ ಅದಲುಬದಲಾದರೆ ಅದು ಕೆಳಗೆ ಬರುತ್ತೆ, ಎಷ್ಟು ಬ್ಲೀಡ್ ಮಾಡಿದರೂ ಗಾಳಿ ಮೇಲೇ ಕೂತಿರುತ್ತೆ. ಈಗ ಬೋರ್ ದೊಡ್ಡದಿರೋದರಿಂದ ಪೆಡಲ್ ಗಟ್ಟಿ ಅನ್ನಿಸಬಹುದು, ಚಿಕ್ಕದು ಹಾಕಿದಾಗ ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ಗುಟ್ಟು ಹೊರಬೀಳುತ್ತೆ.

ಇನ್ನೊಂದು, ಸ್ಟೀರಿಂಗನ್ನ ಎರಡೂ ಕೊನೆಗೆ ತಿರುಗಿಸಿ, ಸಸ್ಪೆನ್ಷನ್ ಜೋತಾಡುವಾಗಲೂ ಪೂರ್ತಿ ಒತ್ತಿದಾಗಲೂ ಹೋಸ್ ಎಳೆಯುತ್ತಾ, ಟೈರಿಗೆ ತಾಗುತ್ತಾ ನೋಡಿ. ಹೋಸನ್ನ ಕ್ಯಾಲಿಪರಿಗೆ ಬಿಗಿಯೋ ಬ್ಯಾಂಜೋ ಬೋಲ್ಟಿನಲ್ಲಿ, ಹೋಸ್ ತಲೆಯ ಎರಡೂ ಪಕ್ಕ ತಾಮ್ರದ ವಾಷರ್ ಹೊಸದೇ ಇರಲಿ.